ಕ್ಲೈಡ್ಸ್‌ಡೇಲ್ ಕುದುರೆ ಯುದ್ಧಾಶ್ವದ ವಂಶದ್ದೇ?

ಪ್ರಶ್ನೆ: ಸ್ಕಾಟ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಫಾಲ್‌ಕರ್ಕ್ ಎಂಬ ಊರಿನ ಕಾಲುವೆಯ ದಂಡೆಯಲ್ಲಿ ಆಕಾಶಕ್ಕೆ ಮುಖವೆತ್ತಿ ನಿಂತಿರುವ ಎರಡು ಉಕ್ಕಿನ ಕುದುರೆತಲೆಗಳನ್ನು ನೋಡಿದೆವು. ಅವಕ್ಕೆ ಮಾದರಿಯಾದದ್ದು ಕ್ಲೈಡ್ಸ್‌ಡೇಲ್ ಎಂಬ ತಳಿಯೆಂದೂ, ಅದು ಉಕ್ಕಿನ ಕವಚ ತೊಟ್ಟ ಯೋಧರನ್ನು ಹೊತ್ತ ಯುದ್ಧಾಶ್ವಗಳ ವಂಶದ್ದೆಂದೂ ಅಲ್ಲಿದ್ದವರೊಬ್ಬರು ಹೇಳಿದರು. ಮರುವಾರ ಒಂದು ತೋಟದಲ್ಲಿ ಜೀವಂತ ಕುದುರೆಯನ್ನೇ ಕಂಡೆವು. ಆನೆಮರಿಯಷ್ಟು ದಪ್ಪ, ಕಾಲಿನ ತುಂಬ ಬಿಳಿ ಕೂದಲು. ಯುದ್ಧಾಶ್ವದ ಮಾತು ನಿಜವೇ? ಆ ಕೂದಲಿನಿಂದ ಏನು ಉಪಯೋಗ? ಅದು ಎಷ್ಟು ಭಾರ ಎಳೆಯಬಲ್ಲದು? ಇಂಥ ತಳಿ ನಮ್ಮಲ್ಲಿ ಏಕೆ ಹುಟ್ಟಲಿಲ್ಲ, ತಂದರೆ ಇಲ್ಲಿ ಬದುಕೀತೇ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ನೀವು ನೋಡಿದ ಶಿಲ್ಪಗಳ ಹೆಸರು ಕೆಲ್ಪೀಸ್. ಕೆಲ್ಪಿ ಎಂದರೆ ಸ್ಕಾಟ್ಲೆಂಡಿನ ಜನಪದ ಕಥೆಗಳಲ್ಲಿ ಕುದುರೆಯ ರೂಪ ತಾಳಿ ಬರುವ ನೀರಿನ ಭೂತ. ಸುಮಾರು 30 ಮೀಟರ್ ಎತ್ತರದ ಆ ತಲೆಗಳನ್ನು ಶಿಲ್ಪಿ ಆಂಡಿ ಸ್ಕಾಟ್ ವಿನ್ಯಾಸಗೊಳಿಸಿದರು. 2013ರಲ್ಲಿ ಅವುಗಳ ನಿರ್ಮಾಣ ಮುಗಿಯಿತು. ಡ್ಯೂಕ್ ಮತ್ತು ಬ್ಯಾರನ್ ಎಂಬ ಎರಡು ನಿಜವಾದ ಕ್ಲೈಡ್ಸ್‌ಡೇಲ್ ಕುದುರೆಗಳು ಅವಕ್ಕೆ ಮಾದರಿಯಾಗಿದ್ದವು. ಆ ಕಾಲುವೆಯ ದಂಡೆಯ ಮೇಲೆ ಹಿಂದೆ ಕುದುರೆಗಳು ಹಗ್ಗ ಕಟ್ಟಿಕೊಂಡು ನಡೆಯುತ್ತ ಕಾಲುವೆಯ ದೋಣಿಗಳನ್ನು ಎಳೆಯುತ್ತಿದ್ದವು. ಶಿಲ್ಪವನ್ನು ಬೇರೆಲ್ಲೂ ನಿಲ್ಲಿಸದೆ ಅಲ್ಲೇ ನಿಲ್ಲಿಸಿದ್ದರ ಹಿಂದಿನ ಅರ್ಥ ಅದು. ನಿಮ್ಮ ಮೊದಲ ಪ್ರಶ್ನೆಗೂ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ: ಈ ತಳಿಯನ್ನು ಹುಟ್ಟಿಸಿದ್ದು ಯುದ್ಧವಲ್ಲ, ಸರಕು ಸಾಗಣೆ ಮತ್ತು ಬೇಸಾಯ.

ಯುದ್ಧಾಶ್ವದ ಕಥೆ ಬಹಳ ಹಳೆಯದು, ಕೇಳಲು ಸೊಗಸಾದದ್ದು. ಯೂರೋಪಿನ ಬಹುತೇಕ ಎಲ್ಲ ಭಾರಿ ತಳಿಗಳಿಗೂ ಅದನ್ನು ಅಂಟಿಸಲಾಗಿದೆ. ಉಕ್ಕಿನ ಕವಚ ತೊಟ್ಟ ಸವಾರನ ತೂಕ ಹೊರಲು ದೈತ್ಯ ಕುದುರೆಯೇ ಬೇಕಿತ್ತು ಎಂಬ ಊಹೆ ಅದರ ಬುನಾದಿ. ಆದರೆ ಎಲುಬುಗಳು ಬೇರೆಯೇ ಮಾತನ್ನು ಹೇಳುತ್ತವೆ. ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಉತ್ಖನನ ಸ್ಥಳಗಳಲ್ಲಿ ಸಿಕ್ಕ, ಕ್ರಿ.ಶ. 300ರಿಂದ 1650ರವರೆಗಿನ ಕುದುರೆ ಎಲುಬುಗಳನ್ನು ಅಳೆದು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಮಧ್ಯಯುಗದ ಕುದುರೆಗಳಲ್ಲಿ ಹೆಚ್ಚಿನವು ಹೆಗಲಿನ ಬಳಿ 147 ಸೆಂಟಿಮೀಟರಿಗಿಂತ ಕಡಿಮೆ ಎತ್ತರದವು, ಅಂದರೆ ಇಂದು ನಾವು ಪೋನಿ ಎಂದು ಕರೆಯುವ ಗಾತ್ರದವು. ಯುದ್ಧಕ್ಕೆ ಬೇಕಾದದ್ದು ಚಟ್ಟನೆ ತಿರುಗುವ, ಹೇಳಿದ ಕಡೆ ನುಗ್ಗುವ ಪ್ರಾಣಿಯೇ ಹೊರತು ಒಂದು ಟನ್ ತೂಗುವ ಪ್ರಾಣಿಯಲ್ಲ. ಇಂದಿನ ಕ್ಲೈಡ್ಸ್‌ಡೇಲ್ 162ರಿಂದ 183 ಸೆಂಟಿಮೀಟರ್ ಎತ್ತರವಿದ್ದು 800ರಿಂದ 900 ಕಿಲೋ ತೂಗುತ್ತದೆ. ಕೆಲವು ಗಂಡುಕುದುರೆಗಳು 1,000 ಕಿಲೋ ತಲುಪುವುದೂ ಉಂಟು. ಯೋಧರ ಕಾಲದ ಸವಾರನೊಬ್ಬ ಇದನ್ನು ಕಂಡಿದ್ದರೆ ಏರಲು ಏಣಿ ಕೇಳುತ್ತಿದ್ದನೇನೋ.

ಹಾಗಾದರೆ ಇದು ಬಂದದ್ದು ಎಲ್ಲಿಂದ? ಗ್ಲಾಸ್ಗೋ ನಗರದ ಮೂಲಕ ಹರಿದು ಸಮುದ್ರ ಸೇರುವ ನದಿಯ ಹೆಸರು ಕ್ಲೈಡ್. ಅದರ ಕಣಿವೆಯೇ ಕ್ಲೈಡ್ಸ್‌ಡೇಲ್. ಆ ಸೀಮೆಯ ಆಡಳಿತದ ಹೆಸರು ಆಗ ಲಾನಾರ್ಕ್‌ಶೈರ್. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿದ್ದವು ಗಟ್ಟಿಮುಟ್ಟಾದ, ಗಿಡ್ಡ ಕಾಲಿನ ಸ್ಥಳೀಯ ಕುದುರೆಗಳು. ಲಾಕ್ಲಿಯಾಕ್ ಎಂಬ ಹಿಡುವಳಿಯ ರೈತ ಜಾನ್ ಪ್ಯಾಟರ್ಸನ್ 1715–20ರ ಸುಮಾರಿಗೆ ಇಂಗ್ಲೆಂಡಿನಿಂದ ಫ್ಲಾಂಡರ್ಸ್ (ಇಂದಿನ ಬೆಲ್ಜಿಯಂ ಕಡೆಯ ಸೀಮೆ) ಮೂಲದ ಕಪ್ಪು ಗಂಡುಕುದುರೆಯೊಂದನ್ನು ಕೊಂಡುತಂದನೆಂಬುದು ಒಂದು ಪರಂಪರೆಯ ಮಾತು. ಆರನೆಯ ಹ್ಯಾಮಿಲ್ಟನ್ ಡ್ಯೂಕನು ಅಂಥದೇ ಗಂಡುಗಳನ್ನು ತರಿಸಿ ತನ್ನ ಗೇಣಿದಾರರ ಹೆಣ್ಣುಕುದುರೆಗಳಿಗೆ ಶುಲ್ಕವಿಲ್ಲದೆ ಒದಗಿಸಿದನೆಂಬುದು ಇನ್ನೊಂದು. ಇವೆರಡೂ ಬಾಯಿಂದ ಬಾಯಿಗೆ ಬಂದು ಎಷ್ಟೋ ಕಾಲದ ನಂತರ ಬರಹಕ್ಕಿಳಿದ ನೆನಪುಗಳು. ಯಾರು ಮೊದಲಿಗರೆಂಬ ಚರ್ಚೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಇಂದಿನ ಬೆಲ್ಜಿಯಂ ಮತ್ತು ಅದರ ನೆರೆಯ ತಗ್ಗಿನ ಪ್ರದೇಶಗಳ ಜವುಗು ನೆಲದಲ್ಲಿ ಬೆಳೆದ ದಪ್ಪ ಕುದುರೆಯ ರಕ್ತ ಸ್ಕಾಟ್ಲೆಂಡಿನ ಸ್ಥಳೀಯ ಹೆಣ್ಣುಗಳಿಗೆ ಸೇರಿತೆಂಬುದು ಮುಖ್ಯ. ಗಾತ್ರ ಬಂದದ್ದು ತಂದೆಯಿಂದ. ಗಡುಸುತನ, ಚುರುಕು ನಡಿಗೆ, ಚಳಿಮಳೆಗಳನ್ನು ತಾಳುವ ಗುಣ ಬಹುಮಟ್ಟಿಗೆ ತಾಯಿಯ ಕಡೆಯಿಂದ ಬಂದವೆಂದು ನನ್ನ ಅಭಿಪ್ರಾಯ.

ಹೊರಗಿನಿಂದ ಒಂದೆರಡು ಗಂಡುಗಳು ಬಂದ ಮಾತ್ರಕ್ಕೆ ತಳಿಯೊಂದು ಹುಟ್ಟುವುದಿಲ್ಲ. ದೊಡ್ಡ ಕುದುರೆಗೆ ಹೆಚ್ಚು ಮೇವು ಬೇಕು, ಆ ಖರ್ಚನ್ನು ಅದು ದುಡಿದು ತೀರಿಸಬೇಕು. ತೀರಿಸುವಂಥ ಕೆಲಸ ಇಲ್ಲದಿದ್ದರೆ ರೈತ ಅದನ್ನು ಸಾಕುವುದಿಲ್ಲ. ಕ್ಲೈಡ್ ಕಣಿವೆಯಲ್ಲಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಅಂಥ ಕೆಲಸ ಒಂದರ ಹಿಂದೊಂದು ಬಂದಿತು. ಅದುವರೆಗೆ ರಸ್ತೆಗಳು ಎಷ್ಟು ಕೆಟ್ಟದಾಗಿದ್ದವೆಂದರೆ ಸರಕೆಲ್ಲ ಹೇರುಕುದುರೆಗಳ ಬೆನ್ನಿನ ಮೇಲೆಯೇ ಸಾಗುತ್ತಿತ್ತು, ನಮ್ಮ ಘಟ್ಟದ ದಾರಿಗಳಲ್ಲಿ ಹೇರೆತ್ತುಗಳು ಉಪ್ಪು ಅಕ್ಕಿ ಹೊತ್ತು ಸಾಗುತ್ತಿದ್ದ ಹಾಗೆ. ಸುಂಕ ವಸೂಲಿ ಮಾಡಿ ನಿರ್ವಹಿಸುವ ಗಟ್ಟಿ ರಸ್ತೆಗಳು ಬಂದೊಡನೆ ಬೆನ್ನಿನ ಹೊರೆ ಗಾಡಿಗೆ ಇಳಿಯಿತು. ಲಾನಾರ್ಕ್‌ಶೈರಿನ ನೆಲದಡಿಯಲ್ಲಿ ಕಲ್ಲಿದ್ದಲು ಇತ್ತು. ಅದನ್ನು ಬೇಡುವ ಗ್ಲಾಸ್ಗೋ ಹತ್ತಿರವೇ ಬೆಳೆಯುತ್ತಿತ್ತು. 1770ರಲ್ಲಿ ಮಾಂಕ್‌ಲೆಂಡ್ ಕಾಲುವೆಯನ್ನು ತೋಡಲು ಹಿಡಿದದ್ದು ಕಲ್ಲಿದ್ದಲನ್ನು ನಗರಕ್ಕೆ ತಲುಪಿಸಲೆಂದೇ. ಕಾಲುವೆಯ ದೋಣಿ ಎಳೆಯುವುದಕ್ಕೂ ನಗರದ ಏರುಬೀದಿಗಳ ಕಲ್ಲುಹಾಸಿನ ಮೇಲೆ ಗಾಡಿ ಎಳೆಯುವುದಕ್ಕೂ ತೂಕವಿರುವ, ಜಾರದೆ ಕಾಲೂರುವ ಕುದುರೆ ಬೇಕಾಯಿತು.

ಹೊಲದಲ್ಲಿ ಬದಲಾವಣೆ ತಂದದ್ದು ನೇಗಿಲು. ಸ್ಕಾಟ್ಲೆಂಡಿನ ಹಳೆಯ ಮರದ ನೇಗಿಲು ಭಾರಿ ಗಾತ್ರದ್ದು. ಅದಕ್ಕೆ ಎಂಟು ಎತ್ತುಗಳನ್ನು, ಕೆಲವೆಡೆ ಎತ್ತು ಕುದುರೆಗಳನ್ನು ಬೆರೆಸಿಯೂ ಹೂಡಬೇಕಾಗಿತ್ತು. ಅವನ್ನು ನಡೆಸಲು ಎರಡು ಮೂರು ಆಳುಗಳು ಬೇಕಿತ್ತು. ಬೆರಿಕ್‌ಶೈರಿನ ಜೇಮ್ಸ್ ಸ್ಮಾಲ್ 1760ರ ದಶಕದಲ್ಲಿ ಮಣ್ಣನ್ನು ಹಗುರವಾಗಿ ಮಗುಚುವ, ತಿರುವಿದ ಹಲಗೆಯ ಹೊಸ ನೇಗಿಲನ್ನು ರೂಪಿಸಿದ. ಅದನ್ನು ಎರಡೇ ಕುದುರೆಗಳು ಎಳೆಯಬಲ್ಲವಾಗಿದ್ದವು, ಒಬ್ಬನೇ ಮನುಷ್ಯ ಮೇಣಿ ಹಿಡಿದು ಲಗಾಮನ್ನೂ ನಡೆಸಬಲ್ಲವನಾಗಿದ್ದ. ಎಂಟು ಪ್ರಾಣಿಗಳ ಜಾಗವನ್ನು ಎರಡು ತುಂಬಬೇಕಾದರೆ ಆ ಎರಡೂ ಬಲವಾಗಿರಬೇಕು, ಸಾಲಿನಲ್ಲಿ ನೆಟ್ಟಗೆ ಬೇಗ ನಡೆಯಬೇಕು. ಕ್ಲೈಡ್ಸ್‌ಡೇಲ್ ಕುದುರೆಯಲ್ಲಿ ಬರಿಯ ದಪ್ಪವಲ್ಲದೆ ನಡಿಗೆಯೂ ಇಷ್ಟೊಂದು ಮುಖ್ಯವಾಗಿರುವುದಕ್ಕೆ ಈ ಎರಡು ಕುದುರೆಗಳ ನೇಗಿಲೇ ಮೂಲವೆಂದು ನಾನು ಭಾವಿಸುತ್ತೇನೆ.

ಬೇಡಿಕೆ ಹುಟ್ಟಿದ ಮೇಲೆ ಒಳ್ಳೆಯ ಗಂಡಿನ ರಕ್ತ ಸೀಮೆಯಲ್ಲೆಲ್ಲ ಹರಡಬೇಕಲ್ಲವೇ? ಅದಕ್ಕಾಗಿ ಸ್ಕಾಟರು ಒಂದು ಜಾಣ ವ್ಯವಸ್ಥೆ ಮಾಡಿಕೊಂಡಿದ್ದರು. ಸ್ಥಳೀಯ ಕೃಷಿ ಸಂಘವು ಪ್ರದರ್ಶನ ನಡೆಸಿ ಅತ್ಯುತ್ತಮ ಗಂಡುಕುದುರೆಯನ್ನು ಆರಿಸಿ ಅದರ ಒಡೆಯನಿಗೆ ಬಹುಮಾನದ ಹಣ ಕೊಡುತ್ತಿತ್ತು. ಪ್ರತಿಯಾಗಿ ಆತ ಗೊತ್ತುಮಾಡಿದ ಸೀಮೆಯೊಳಗೆ ಆ ಕುದುರೆಯನ್ನು ಊರೂರಿಗೆ ನಡೆಸಿಕೊಂಡು ಹೋಗಿ, ನಿಗದಿಯಾದ ಶುಲ್ಕ ಪಡೆದು ಅಲ್ಲಿನ ಹೆಣ್ಣುಗಳಿಗೆ ಕೊಡಿಸಬೇಕಾಗಿತ್ತು. ಇದರ ಲಿಖಿತ ದಾಖಲೆಗಳು 1837ರಿಂದ ಸಿಗುತ್ತವೆ. ನಮ್ಮ ಹಳ್ಳಿಗಳ ಬೀಜದ ಹೋರಿಯನ್ನು ನೆನೆಸಿಕೊಳ್ಳಿ, ವ್ಯತ್ಯಾಸವಿಷ್ಟೇ: ಇಲ್ಲಿ ಹಸು ಹೋರಿಯ ಬಳಿಗೆ ಹೋಗುತ್ತದೆ, ಅಲ್ಲಿ ಗಂಡುಕುದುರೆಯೇ ಹೆಣ್ಣಿನ ಮನೆ ಬಾಗಿಲಿಗೆ ಬರುತ್ತಿತ್ತು. ಬಡ ಗೇಣಿದಾರನ ಒಂದೇ ಒಂದು ಹೆಣ್ಣುಕುದುರೆಗೂ ಸೀಮೆಯ ಶ್ರೇಷ್ಠ ಗಂಡು ಸಿಗುತ್ತಿದ್ದುದರಿಂದ ತಳಿ ಬಲುಬೇಗ ಏಕರೂಪಕ್ಕೆ ಬಂದಿತು. 1806ರಲ್ಲಿ ಹುಟ್ಟಿ ಮುಂದೆ ತನ್ನ ಒಡೆಯನ ಜಮೀನಿನ ಹೆಸರಿನಿಂದ ‘ಲ್ಯಾಂಪಿಟ್ಸ್ ಹೆಣ್ಣು’ ಎಂದು ಪ್ರಸಿದ್ಧವಾದ ಕುದುರೆಯೊಂದು ಇಂದು ಬದುಕಿರುವ ಹೆಚ್ಚುಕಡಿಮೆ ಎಲ್ಲ ಕ್ಲೈಡ್ಸ್‌ಡೇಲ್‌ಗಳ ವಂಶಾವಳಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ತಳಿಯ ಹೆಸರು ಮೊದಲ ಬಾರಿಗೆ ದಾಖಲಾದದ್ದು 1826ರ ಗ್ಲಾಸ್ಗೋ ಪ್ರದರ್ಶನದಲ್ಲಿ. ತಳಿಯ ಸಂಘ ಸ್ಥಾಪನೆಯಾದದ್ದು 1877ರಲ್ಲಿ.

ಸಂಘ ಹುಟ್ಟಿದೊಡನೆ ಶುದ್ಧ ರಕ್ತದ ಜಗಳವೂ ಹುಟ್ಟಿತು. ಲಾರೆನ್ಸ್ ಡ್ರೂ ಎಂಬ ಹೆಸರಾಂತ ಕುದುರೆಗಾರ ಇಂಗ್ಲೆಂಡಿನ ಶೈರ್ ತಳಿಯ ಹೆಣ್ಣುಗಳನ್ನು ಕೊಂಡುತಂದು ಕ್ಲೈಡ್ಸ್‌ಡೇಲ್ ಗಂಡುಗಳಿಗೆ ಬಿಡುತ್ತಿದ್ದ. ಎರಡೂ ಒಂದೇ ತಳಿಯ ಎರಡು ಕವಲುಗಳೆಂಬುದು ಅವನ ವಾದ. ಅವನೂ ಅವನ ಸಂಗಡಿಗರೂ 1883ರಲ್ಲಿ ಪ್ರತ್ಯೇಕ ಸಂಘವನ್ನೇ ಕಟ್ಟಿದರು. ಸಂಘ ಬಹಳ ಕಾಲ ಬಾಳಲಿಲ್ಲ, ಆದರೆ ವಾದದಲ್ಲಿ ಹುರುಳಿತ್ತು. 1866ರಲ್ಲಿ ಹುಟ್ಟಿದ ‘ಪ್ರಿನ್ಸ್ ಆಫ್ ವೇಲ್ಸ್’ ಮತ್ತು 1872ರಲ್ಲಿ ಹುಟ್ಟಿದ ‘ಡಾರ್ನ್‌ಲಿ’ ಎಂಬ ಎರಡು ಗಂಡುಗಳ ಸಂತತಿಯನ್ನು ಪರಸ್ಪರ ಕೂಡಿಸಿದ್ದರಿಂದಲೇ ಇಂದಿನ ಕ್ಲೈಡ್ಸ್‌ಡೇಲ್ ರೂಪುಗೊಂಡಿತು. ಮೊದಲನೆಯದರ ಅಜ್ಜಿಯರಲ್ಲಿ ಶೈರ್ ರಕ್ತವಿತ್ತೆಂದು ಆ ಕಾಲದವರೇ ಆಡಿಕೊಳ್ಳುತ್ತಿದ್ದರು. ಶೈರ್ ಸಾಮಾನ್ಯವಾಗಿ ಇನ್ನೂ ಎತ್ತರ, ಇನ್ನೂ ಭಾರ, ನಡಿಗೆಯಲ್ಲಿ ನಿಧಾನ. 1846ರಲ್ಲಿ ಹುಟ್ಟಿದ ಸ್ಯಾಂಪ್ಸನ್ ಎಂಬ ಶೈರ್ ಕುದುರೆ ಹೆಗಲಿನ ಬಳಿಯೇ ಏಳು ಅಡಿ ದಾಟಿತ್ತು. ಕ್ಲೈಡ್ಸ್‌ಡೇಲ್ ಅದಕ್ಕಿಂತ ತುಸು ಹಗುರ, ಹೆಚ್ಚು ಚುರುಕು. ಎರಡನ್ನೂ ಒಟ್ಟಿಗೆ ನಿಲ್ಲಿಸಿದರೆ ಮಾತ್ರ ಹೊಸಬರಿಗೆ ಭೇದ ತಿಳಿದೀತು.

ನೀವು ಮತ್ತೆ ಗ್ಲಾಸ್ಗೋಗೆ ಹೋದರೆ ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯದಲ್ಲಿ ಕುದುರೆಯೊಂದರ ಅಸ್ಥಿಪಂಜರವನ್ನು ನೋಡಲು ಮರೆಯದಿರಿ. ಅದು ‘ಬ್ಯಾರನ್ ಆಫ್ ಬುಕ್ಲೈವಿ’ ಎಂಬ ಗಂಡುಕುದುರೆಯದು. ಅದರ ಇಬ್ಬರು ಪಾಲುದಾರರ ನಡುವೆ ಒಡೆತನದ ವ್ಯಾಜ್ಯವೆದ್ದು, ಕೋರ್ಟು ಕಚೇರಿಗಳನ್ನು ಹತ್ತಿಳಿದು, ಕೊನೆಗೆ 1911ರ ಡಿಸೆಂಬರಿನಲ್ಲಿ ಏರ್ ಪಟ್ಟಣದಲ್ಲಿ ಅದನ್ನು ಬಹಿರಂಗ ಹರಾಜಿಗಿಟ್ಟರು. ವ್ಯಾಜ್ಯ ಹೂಡಿದವರಲ್ಲಿ ಒಬ್ಬನೇ 9,500 ಪೌಂಡು ಕೊಟ್ಟು ಅದನ್ನು ಉಳಿಸಿಕೊಂಡ. ಆ ಕಾಲಕ್ಕೆ ಅದೊಂದು ನಂಬಲಾಗದ ಮೊತ್ತ. ಮೂರು ವರ್ಷ ಕಳೆಯುವಷ್ಟರಲ್ಲಿ ಹೆಣ್ಣುಕುದುರೆಯೊಂದರ ಒದೆತಕ್ಕೆ ಅದರ ಕಾಲು ಮುರಿದು, ಗುಂಡಿಟ್ಟು ಕೊಲ್ಲಬೇಕಾಯಿತು. ಒಂದು ಪ್ರಾಣಿಗೆ ಅಷ್ಟು ಬೆಲೆ ಏಕೆ ಬಂದಿತೆಂದರೆ ಅದರ ಬೀಜಕ್ಕೆ ಜಗತ್ತಿನಾದ್ಯಂತ ಮಾರುಕಟ್ಟೆಯಿತ್ತು. 1911ರ ಒಂದೇ ವರ್ಷದಲ್ಲಿ 1,617 ಕ್ಲೈಡ್ಸ್‌ಡೇಲ್ ಗಂಡುಗಳು ಸ್ಕಾಟ್ಲೆಂಡಿನಿಂದ ಹಡಗೇರಿದವು. ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೊದಲಾದ ಕಡೆ ಹೊಸ ನೆಲವನ್ನು ಉತ್ತದ್ದು ಇವುಗಳ ಸಂತತಿಯೇ.

ಈಗ ಮೈಕಟ್ಟಿನ ವಿಚಾರ. ಕ್ಲೈಡ್ಸ್‌ಡೇಲ್ ಸಾಕುವವರು ಕುದುರೆಯನ್ನು ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸುತ್ತಾರೆ: ಮೊದಲು ಗೊರಸು, ಆಮೇಲೆ ಕಾಲು, ಕೊನೆಗೆ ಮೈ. ಗೊರಸು ಅಗಲವಾಗಿ ದುಂಡಗಿರಬೇಕು. ದೊಡ್ಡ ಕ್ಲೈಡ್ಸ್‌ಡೇಲ್ ಒಂದರ ಲಾಳ ತೂಕದಲ್ಲಿ ಎರಡು ಕಿಲೋ ಮೀರುತ್ತದೆ. ಅದನ್ನು ಬಿಡಿಸಿ ನೆಟ್ಟಗೆ ಮಾಡಿದರೆ ಒಂದೂವರೆ ಅಡಿಗಿಂತ ಉದ್ದ. ಹಿಂಗಾಲುಗಳು ಒಂದಕ್ಕೊಂದು ಹತ್ತಿರವಿರಬೇಕು, ಕೀಲುಗಳು ಹೊರಕ್ಕೆ ಬಾಗಿರಬಾರದು. ನೇಗಿಲಸಾಲಿನ ಇಕ್ಕಟ್ಟಿನಲ್ಲಿ ಅಡ್ಡಾದಿಡ್ಡಿ ಕಾಲು ಹಾಕದೆ ನಡೆಯಲು ಈ ಗುಣ ಅನುಕೂಲ. ನಡೆಯುವಾಗ ಪ್ರತಿ ಹೆಜ್ಜೆಯನ್ನೂ ನೆಲದಿಂದ ಪೂರ್ತಿ ಎತ್ತಬೇಕು, ಎಷ್ಟೆಂದರೆ ಹಿಂದೆ ನಿಂತವನಿಗೆ ಲಾಳದ ಒಳಮೈ ಕಾಣಿಸಬೇಕು. ಇಳಿಜಾರಾದ ಉದ್ದ ಹೆಗಲು, ಕಮಾನಿನಂಥ ಕತ್ತು, ಗಿಡ್ಡ ಬೆನ್ನು, ಮಾಂಸ ತುಂಬಿದ ಪೃಷ್ಠ ಇವೆಲ್ಲ ಎಳೆತಕ್ಕೆ ಬೇಕಾದ ಭಾಗಗಳು. ಬಣ್ಣದಲ್ಲಿ ಕಂದು ಮೈ, ಕಪ್ಪು ಜೂಲು, ಕಪ್ಪು ಬಾಲ ಹೆಚ್ಚು. ಕಪ್ಪು, ಕೆಂಗಂದು, ಬಿಳಿಗೂದಲು ಬೆರೆತ ಮೈಯೂ ಉಂಟು. ಹಣೆಯಿಂದ ಮೂಗಿನವರೆಗೆ ಇಳಿಯುವ ಅಗಲವಾದ ಬಿಳಿಪಟ್ಟೆ ಮತ್ತು ನಾಲ್ಕು ಬಿಳಿಗಾಲುಗಳು ಈ ತಳಿಯ ಗುರುತಿನಂತಾಗಿವೆ. ಅಮೆರಿಕದ ಬಡ್‌ವೈಸರ್ ಬಿಯರ್ ಕಂಪನಿ 1933ರಲ್ಲಿ ಮದ್ಯನಿಷೇಧ ಸಡಿಲಗೊಂಡ ಸಂಭ್ರಮಕ್ಕೆ ಕ್ಲೈಡ್ಸ್‌ಡೇಲ್ ಬಂಡಿಯನ್ನು ಬೀದಿಗಿಳಿಸಿದ ಮೇಲೆ, ಕಂದು ಮೈ ಮತ್ತು ನಾಲ್ಕು ಬಿಳಿಗಾಲಿನ ರೂಪವೇ ಜಗತ್ತಿನ ಕಣ್ಣಿನಲ್ಲಿ ನಿಂತುಬಿಟ್ಟಿತು.

ಕಾಲಿನ ಕೂದಲಿನ ಬಗ್ಗೆ ನೀವು ಕೇಳಿದ್ದಕ್ಕೆ ನನ್ನ ಉತ್ತರ ಕುದುರೆಗಾರರಿಗೆ ಅಷ್ಟಾಗಿ ಹಿಡಿಸಲಾರದು. ಮಳೆನೀರು ಗೊರಸಿನ ಹಿಂಬದಿಯ ಮೆತ್ತನೆಯ ಚರ್ಮಕ್ಕೆ ತಾಗದೆ ಕೂದಲಿನ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆಂಬ ಸಮರ್ಥನೆ ಉಂಟು, ಸ್ವಲ್ಪ ಕೂದಲಿದ್ದರೆ ಅದು ನಿಜವೂ ಹೌದು. ಆದರೆ ಮೊಣಕಾಲಿನಿಂದಲೇ ಇಳಿಯುವ ರೇಷ್ಮೆಯಂಥ ಕುಚ್ಚನ್ನು ಬೆಳೆಸಿದ್ದು ಪ್ರದರ್ಶನದ ಕಣ. ರೇಷ್ಮೆಗೂದಲಿದ್ದರೆ ಒಳಗಿನ ಎಲುಬು ಒಳ್ಳೆಯದೆಂಬ ನಂಬಿಕೆ ತೀರ್ಪುಗಾರರಲ್ಲಿತ್ತು. ಜೇಡಿಮಣ್ಣಿನಲ್ಲಿ ದಿನವಿಡೀ ಉತ್ತು ಬಂದ ಕುದುರೆಯ ಕಾಲು ತೊಳೆದು ಒಣಗಿಸುವುದು ಎಷ್ಟು ಕಷ್ಟದ ಕೆಲಸವೆಂದು ಆಳುಗಳನ್ನು ಕೇಳಬೇಕಿತ್ತು. ಕೂದಲಿನಡಿ ಒದ್ದೆ ನಿಂತರೆ ಚರ್ಮ ಬಿರಿಯುತ್ತದೆ, ಕಜ್ಜಿಯ ನುಸಿ ಮನೆ ಮಾಡುತ್ತದೆ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದು: ಶೈರ್, ಕ್ಲೈಡ್ಸ್‌ಡೇಲ್, ಬೆಲ್ಜಿಯನ್ ತಳಿಗಳಲ್ಲಿ ಕಾಲಿನ ದುಗ್ಧರಸ (ಮೈಯ ಭಾಗಗಳಿಂದ ಹರಿದು ಮತ್ತೆ ರಕ್ತಕ್ಕೆ ಸೇರುವ ತಿಳಿದ್ರವ) ಸರಿಯಾಗಿ ಹರಿಯದೆ, ವಯಸ್ಸಾದಂತೆ ಕಾಲು ಊದಿ, ಚರ್ಮ ಮಡಿಕೆ ಮಡಿಕೆಯಾಗಿ ಗಂಟುಗಟ್ಟುವ ಕಾಯಿಲೆಯೊಂದಿದೆ. ನೋಡುವುದಕ್ಕೆ ನಮ್ಮ ಆನೆಕಾಲು ರೋಗದಂತೆಯೇ ಇರುತ್ತದೆ, ಆದರೆ ಸೊಳ್ಳೆಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಪೂರ್ತಿ ಗುಣಪಡಿಸುವ ಮದ್ದಿಲ್ಲ. ಕೂದಲು ಕತ್ತರಿಸಿ, ಚರ್ಮ ಶುಚಿಯಾಗಿಟ್ಟು, ದಿನವೂ ನಡೆಸಿ ಹತೋಟಿಯಲ್ಲಿಡಬಹುದಷ್ಟೆ. ಹಾಗೆ ಕೂದಲು ಕತ್ತರಿಸಿದ ಕುದುರೆಗೆ ಪ್ರದರ್ಶನದಲ್ಲಿ ಬೆಲೆಯಿಲ್ಲ.

ಎಳೆಯುವ ಬಲದ ಲೆಕ್ಕ ಸರಳ. ಕುದುರೆ ಎಳೆಯುವುದೆಂದು ನಾವು ಹೇಳಿದರೂ ನಿಜವಾಗಿ ಅದು ಕೊರಳಪಟ್ಟಿಗೆ ಹೆಗಲು ಕೊಟ್ಟು ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ಮೈತೂಕವೇ ಅದರ ಬಂಡವಾಳ. ಇಡೀ ದಿನ ದಣಿಯದೆ ದುಡಿಯಬೇಕಾದರೆ ಅದು ತನ್ನ ತೂಕದ ಸುಮಾರು ಹತ್ತನೆಯ ಒಂದು ಭಾಗದಷ್ಟು ಎಳೆತವನ್ನು ಕೊಡಬಲ್ಲದು. 900 ಕಿಲೋದ ಕುದುರೆಗೆ ಇದು 90 ಕಿಲೋ. ಇದು ಗಾಡಿಯ ತೂಕವಲ್ಲ, ಹಗ್ಗದ ಬಿಗಿತ, ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಗಟ್ಟಿಯಾದ ಸಮತಟ್ಟು ರಸ್ತೆಯಲ್ಲಿ ಆ ಬಿಗಿತಕ್ಕೆ ಎರಡು ಮೂರು ಟನ್ ಹೇರಿದ ಗಾಡಿ ಉರುಳುತ್ತದೆ. ಕೆಸರಿನಲ್ಲಿ ಅದರ ಕಾಲು ಭಾಗವೂ ಕಷ್ಟ. ಸಿಕ್ಕಿಕೊಂಡ ಚಕ್ರವನ್ನು ಕೀಳುವ ಒಂದೆರಡು ಕ್ಷಣ ಮಾತ್ರ ಅದು ತನ್ನ ತೂಕದ ಅರ್ಧಕ್ಕೂ ಮಿಕ್ಕ ಬಲ ಹಾಕೀತು. 90 ಕಿಲೋ ಬಿಗಿತದಲ್ಲಿ ಸೆಕೆಂಡಿಗೆ ಒಂದು ಮೀಟರ್ ನಡೆದರೆ ಆಗುವ ಕೆಲಸ ಸುಮಾರು 880 ವ್ಯಾಟ್. ಜೇಮ್ಸ್ ವ್ಯಾಟ್ ಕಟ್ಟಿದ ಅಶ್ವಶಕ್ತಿಯ ಅಳತೆ 746 ವ್ಯಾಟ್. ವ್ಯಾಟ್ ಕೂಡ ಕ್ಲೈಡ್ ದಂಡೆಯ ಗ್ಲಾಸ್ಗೋದಲ್ಲಿಯೇ ಉಗಿಯಂತ್ರದ ಕೆಲಸಕ್ಕೆ ಕೈಹಾಕಿದವನು ಎಂಬುದು ಒಂದು ಸ್ವಾರಸ್ಯ.

ಯಂತ್ರವೇ ಕೊನೆಗೆ ಈ ಕುದುರೆಯನ್ನು ಕೆಲಸದಿಂದ ಇಳಿಸಿತು. ಮೊದಲ ಮಹಾಯುದ್ಧಕ್ಕೆ ಸಾವಿರಾರು ಕ್ಲೈಡ್ಸ್‌ಡೇಲ್‌ಗಳನ್ನು ಸೇನೆ ಒಯ್ದಿತು, ಫಿರಂಗಿ ಮತ್ತು ಸಾಮಾನು ಎಳೆಯಲು; ತಳಿ ಯುದ್ಧಭೂಮಿಯನ್ನು ಕಂಡದ್ದು ಹೀಗೆ, ಯೋಧನನ್ನು ಬೆನ್ನ ಮೇಲೆ ಹೊತ್ತಲ್ಲ. ಆಮೇಲೆ ಲಾರಿ, 1946ರಿಂದ ಫರ್ಗ್ಯುಸನ್ನರ ಅಗ್ಗದ ಸಣ್ಣ ಟ್ರ್ಯಾಕ್ಟರ್. 1946ರಲ್ಲಿ ಇಂಗ್ಲೆಂಡಿನಲ್ಲಿ ಪರವಾನಗಿ ಪಡೆದ ಗಂಡುಗಳು 200ಕ್ಕೂ ಹೆಚ್ಚಿದ್ದವು, 1949ಕ್ಕೆ 80 ಉಳಿದವು. 1975ರ ಹೊತ್ತಿಗೆ ಬ್ರಿಟನ್ನಿನ ಅಪರೂಪದ ತಳಿಗಳ ಸಂರಕ್ಷಣಾ ಸಂಸ್ಥೆ ಇದನ್ನು ಅಪಾಯದ ಪಟ್ಟಿಗೆ ಸೇರಿಸಿತು.

ನಮ್ಮಲ್ಲಿ ಇಂಥ ಕುದುರೆ ಏಕೆ ಬೆಳೆಯಲಿಲ್ಲವೆಂದರೆ ಬೇಕಾಗಿರಲಿಲ್ಲ. ನಮ್ಮ ಎತ್ತಿಗೆ ಹಿಣಿಲು ಇದೆ; ಅದರ ಮುಂದೆ ಒಂದು ಮರದ ನೊಗ ಇಟ್ಟರೆ ಎಳೆತ ಸಿದ್ಧ. ಕುದುರೆಗೆ ಹಿಣಿಲಿಲ್ಲ. ಅದರ ಕೊರಳಿಗೆ ನೇರವಾಗಿ ಪಟ್ಟಿ ಬಿಗಿದರೆ ಉಸಿರು ಕಟ್ಟುತ್ತದೆ. ಹೆಗಲಿನ ಮೇಲೆ ಭಾರ ಹಂಚುವ, ಮೆತ್ತೆ ತುಂಬಿದ ಕೊರಳಪಟ್ಟಿಯನ್ನು ಒಂದೊಂದು ಕುದುರೆಯ ಅಳತೆಗೂ ಬೇರೆಬೇರೆಯಾಗಿ ಹೊಲಿಯಬೇಕು. ಇನ್ನು ಎಳೆಯುವ ತಳಿಯನ್ನು ಆರಿಸಿ ಬೆಳೆಸುವ ಜಾಣ್ಮೆಯಲ್ಲಿ ನಾವೇನೂ ಹಿಂದಿರಲಿಲ್ಲ. ಮೈಸೂರು ಅರಸರು ಪೋಷಿಸಿ, ಟಿಪ್ಪು ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನಗಳು ಫಿರಂಗಿಗಳನ್ನೂ ದಂಡಿನ ಸಾಮಾನನ್ನೂ ಎಳೆಯಲೆಂದೇ ಬೆಳೆದವು. ಅವುಗಳ ಚುರುಕು ನಡಿಗೆಯನ್ನು ಕ್ಲೈಡ್ಸ್‌ಡೇಲಿನ ನಡಿಗೆಯ ಪಕ್ಕದಲ್ಲಿಟ್ಟು ನೋಡಬಹುದು. ಕುಣಿಗಲ್ಲಿನಲ್ಲಿ ಟಿಪ್ಪು ಕಾಲದಿಂದಲೂ ಬೆಳೆದು ಬಂದದ್ದು ಸವಾರಿಯ, ಮುಂದೆ ರೇಸಿನ ಕುದುರೆಗಳೇ. ಗಾಡಿ ಎತ್ತಿನ ಪಾಲಿಗಿತ್ತು.

ತಂದು ಸಾಕುವ ಪ್ರಶ್ನೆಗೆ ನನ್ನ ಸಲಹೆ ಬೇಡವೆಂದೇ. ಮೈ ದೊಡ್ಡದಾದಷ್ಟೂ ತೂಕಕ್ಕೆ ಹೋಲಿಸಿದರೆ ಬೆವರಿ ತಣಿಯುವ ಚರ್ಮದ ವಿಸ್ತಾರ ಕಡಿಮೆಯಾಗುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಅದು ದುಡಿಯುವುದಿರಲಿ, ನಿಂತಲ್ಲೇ ಬಳಲೀತು. ಮಲೆನಾಡಿನ ತಂಪು ಒಗ್ಗೀತೆಂದು ಕೊಂಡೊಯ್ದರೆ ಅಲ್ಲಿನ ನಾಲ್ಕು ತಿಂಗಳ ಮಳೆ ಆ ಕಾಲುಗೂದಲಿನಡಿಯ ಚರ್ಮವನ್ನು ಹಾಳುಮಾಡುತ್ತದೆ. ದಿನಕ್ಕೆ 15ರಿಂದ 20 ಕಿಲೋ ಒಣಹುಲ್ಲು ಬೇಕು. ಹುರುಳಿ ಬೇಯಿಸಿ ಸಾಕುವ ನಮ್ಮ ಅಭ್ಯಾಸ ಅದಕ್ಕೆ ಸಾಲದು. ಪಶುವೈದ್ಯನಾಗಿ ಇನ್ನೊಂದು ಮಾತು: ಭಾರಿ ತಳಿಗಳಿಗೆ ಮಂಪರಿನ ಔಷಧವನ್ನು ರೇಸ್ ಕುದುರೆಯ ಪ್ರಮಾಣದಂತೆ ತೂಕಕ್ಕೆ ಗುಣಿಸಿ ಕೊಟ್ಟರೆ ಮಿತಿಮೀರುತ್ತದೆ, ಮತ್ತು ಬಹಳ ಹೊತ್ತು ಮಲಗಿಸಿದರೆ ತನ್ನದೇ ಭಾರಕ್ಕೆ ಸ್ನಾಯು ಜಜ್ಜಿ ಹೋಗಿ ಮೇಲೇಳಲಾರದೆ ಹೋಗಬಹುದು. ಇದರಲ್ಲಿ ಕೈ ಪಳಗಿದವರು ನಮ್ಮಲ್ಲಿ ಸಿಗುವುದು ಕಷ್ಟ.

ಮುಂದಿನ ಬಾರಿ ಮಗಳ ಮನೆಗೆ ಜೂನ್ ತಿಂಗಳಿನಲ್ಲಿ ಹೋಗುವುದಾದರೆ ಎಡಿನ್‌ಬರೋ ಬಳಿಯ ಇಂಗ್ಲಿಸ್ಟನ್‌ನಲ್ಲಿ ನಡೆಯುವ ರಾಯಲ್ ಹೈಲೆಂಡ್ ಪ್ರದರ್ಶನಕ್ಕೆ ಹೋಗಿಬನ್ನಿ. ಕಣದ ಪಕ್ಕದಲ್ಲಿ ನಿಲ್ಲದೆ, ಕುದುರೆ ನಿಮ್ಮಿಂದ ದೂರಕ್ಕೆ ನಡೆದುಹೋಗುವ ತುದಿಯಲ್ಲಿ ಜಾಗ ಹಿಡಿಯಿರಿ. ತೀರ್ಪುಗಾರ ಬಗ್ಗಿ ನೋಡುತ್ತಿರುವುದು ಬಿಳಿ ಕುಚ್ಚುಗಳನ್ನಲ್ಲ, ಒಂದಾದ ಮೇಲೊಂದು ಮೇಲೇಳುವ ಆ ನಾಲ್ಕು ಲಾಳಗಳನ್ನು.